ಚೊಕ್ಕಿ ಮತ್ತು ಮೊಳಗದ ಗಂಟೆ

ಚೊಕ್ಕಿಗೆ ಅವನನ್ನು ಕಂಡರೆ ಮೊದಲ ದಿನದಿಂದಲೇ ಹೇಸಿಗೆ.

ಆ ಬೆಳಿಗ್ಗೆ ಆಫೀಸಿನ ಪ್ಯಾಂಟ್ರಿಗೆ ನೀರು ಕುಡಿಯಲು ಹೋದವಳು ಬಾಗಿಲಲ್ಲೇ ನಿಂತುಬಿಟ್ಟಳು. ಫ್ರಿಜ್ ಬಾಯಿ ತೆರೆದುಕೊಂಡಿತ್ತು. ಅದರ ಮುಂದೆ ಕುಕ್ಕರಗಾಲಲ್ಲಿ ಕೂತ ಅಪರಿಚಿತನೊಬ್ಬ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಇಣುಕುತ್ತಿದ್ದ. ಒಳಗಿದ್ದ ಊಟಕ್ಕೆ ಹಸಿರು ಗಡ್ಡ ಬೆಳೆದಿತ್ತು. ವಾಸನೆ ನೇರವಾಗಿ ಬಂದು ಮೂಗಿಗೆ ಗುದ್ದಿತು.

“ಛೀ! ನಾಚಿಕೆ ಆಗಲ್ವಾ ನಿಮಗೆ?”

ಅವನು ತಲೆಯೆತ್ತಿದ. ಹೊಟ್ಟೆ ತೊಳಸುವಂಥ ಡಬ್ಬಿ ಕೈಯಲ್ಲಿದ್ದರೂ ಕಣ್ಣಲ್ಲಿ ನಗು.

“ಆಗುತ್ತೆ. ಆದ್ರೆ ನನಗಿಂತ ಈ ಡಬ್ಬಿಗೆ ಜಾಸ್ತಿ ಆಗಬೇಕು.”

“ಡಬ್ಬಿ ತೊಳೆಯೋಕೆ ಬರದವರು ಮನೇಲೇ ಊಟ ಮುಗಿಸ್ಕೊಂಡು ಬರಬೇಕು.”

“ಸರಿ ಮೇಡಂ,” ಎಂದವನೇ ಸಿಂಕಿನ ಹತ್ತಿರ ಹೋಗಿ ಅದನ್ನು ಬರಿಗೈಯಲ್ಲಿ ಉಜ್ಜತೊಡಗಿದ. ಬರಿಗೈಯಲ್ಲಿ! ಚೊಕ್ಕಿ ನೀರೂ ಕುಡಿಯದೆ ಓಡಿಬಂದಳು.

ಚೊಕ್ಕಿ ಎಂಬುದು ಅಕ್ಕ ಇಟ್ಟ ಅಡ್ಡಹೆಸರು. ಮೇಜು, ಕೀಬೋರ್ಡು, ಕೊನೆಗೆ ಬಾಗಿಲ ಹಿಡಿಯನ್ನೂ ಒರೆಸಿಯೇ ಮುಟ್ಟುವ ತಂಗಿಗೆ ಅದಕ್ಕಿಂತ ಒಪ್ಪುವ ಹೆಸರಿರಲಿಲ್ಲ. ಅದು ಆಫೀಸಿಗೂ ಬಂದು ಅಂಟಿಕೊಂಡಿತ್ತು. ಡಬ್ಬಿಯವನಿಗೆ ಅಲ್ಲಿ ಎಲ್ಲರೂ ‘ಹೊಸಬ’ ಎಂದರು. ಅವನ ಕುರ್ಚಿ ಬಿದ್ದದ್ದು ಅವಳ ಎದುರಿಗೇ. ಕಿತ್ತಳೆ ಸುಲಿದು ತಿನ್ನುತ್ತಾ ಕೋಡ್ ಬರೆಯುವುದು ಅವನ ರೂಢಿ. ತಿಂದಾದ ಮೇಲೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಒಂದು ಕಣ್ಣು ಮಾತ್ರ, ಯಾಕೋ, ಸರಿಯಾಗಿ ಮುಚ್ಚುತ್ತಿರಲಿಲ್ಲ.

ಅವರ ಕಂಪನಿ ಬೇರೆಯವರ ಕಂಪ್ಯೂಟರುಗಳನ್ನು ಬಾಡಿಗೆಗೆ ಇರಿಸಿಕೊಳ್ಳುತ್ತಿತ್ತು. ಕಬ್ಬಿಣದ ಪೆಟ್ಟಿಗೆಗಳಲ್ಲ, ಒಂದು ದೊಡ್ಡ ಸರ್ವರಿನ ಹೊಟ್ಟೆಯೊಳಗೆ ಸಾಫ್ಟ್‌ವೇರಿನಿಂದಲೇ ಆದ ಎಷ್ಟೋ ಕಂಪ್ಯೂಟರುಗಳು, ವರ್ಚುಯಲ್ ಮಷೀನುಗಳು. ಅಂಥದೊಂದನ್ನು ಓಡುತ್ತಿರುವಾಗಲೇ ಒಂದು ಸರ್ವರಿನಿಂದ ಎತ್ತಿ ಇನ್ನೊಂದರಲ್ಲಿ ಇಳಿಸುವುದು ಚೊಕ್ಕಿಯ ಕೆಲಸ. ಕಣ್ಣು ಮಿಟುಕಿಸುವಷ್ಟು ಹೊತ್ತು ಅದನ್ನು ತಡೆದು, ಆ ಗಳಿಗೆಯಲ್ಲಿ ಅದರ ನೆನಪಿನಲ್ಲಿ ಏನಿತ್ತು, ಪ್ರೊಸೆಸರ್ ಯಾವ ಲೆಕ್ಕದ ನಡುವೆ ಇತ್ತು, ಗಡಿಯಾರ ಎಲ್ಲಿಗೆ ಬಂದಿತ್ತು ಎಂಬ ಸ್ಥಿತಿಯನ್ನೆಲ್ಲ ಬರೆದು ಆ ಕಡೆಗೆ ಕಳಿಸಬೇಕು. ಆ ಕಡೆ ಎದ್ದ ಮಷೀನಿಗೆ ತಾನು ಮನೆ ಬದಲಿಸಿದ್ದೇ ಗೊತ್ತಾಗಬಾರದು.

ಈಗ ಹಳೇ ಕಟ್ಟಡದ ನೆಲಮಾಳಿಗೆಯಿಂದ ಎಲ್ಲವನ್ನೂ ಹೊಸ ಕಟ್ಟಡಕ್ಕೆ ಸಾಗಿಸಬೇಕಿತ್ತು. ನೆಲಮಾಳಿಗೆಯ ಗೋಡೆಯಲ್ಲಿ ಚರಂಡಿ ಪೈಪು ಜಿನುಗುತ್ತಿತ್ತು. ಅಲ್ಲಿದ್ದ ಮಷೀನುಗಳಲ್ಲಿ ಎಲ್ಲರಿಗೂ ಎದೆ ಹೊಡೆದುಕೊಳ್ಳುವಂತೆ ಮಾಡಿದವು ಎರಡು. ಅವು ಆಂಬುಲೆನ್ಸ್ ಕೇಂದ್ರದವು. ಊರಿನ ಯಾವ ಮೂಲೆಯಿಂದ ಕರೆ ಬಂದರೂ ಗಾಡಿ ಕಳಿಸುವುದು ಅವುಗಳ ಮೂಲಕ. ಅವನ್ನು ನಿಲ್ಲಿಸುವ ಮಾತೇ ಇಲ್ಲ.

ಆ ಕೆಲಸ ಚೊಕ್ಕಿ, ಹೊಸಬ ಇಬ್ಬರ ಪಾಲಿಗೂ ಬಿತ್ತು. ಮೊದಲ ದಿನವೇ ಅವನ ಕೋಡ್ ಓದಿ ಚೊಕ್ಕಿಯ ಮುಖ ಕಹಿ ಕುಡಿದಂತಾಯಿತು.

“ಇದೇನಿದು? ನೆಟ್‌ವರ್ಕ್ ಕಾರ್ಡಿನ ಸ್ಥಿತೀನ ಇದ್ದಿದ್ದು ಇದ್ದ ಹಾಗೇ ಸುರಿದಿದ್ದೀರಲ್ಲ! ಕಸದ ಬುಟ್ಟಿ ಮಗುಚಿದ ಹಾಗೆ.”

“ಏನೂ ಬಿಟ್ಟುಹೋಗಬಾರದು ಅಂತ.”

“ಹಳೇ ಸರ್ವರಿನ ವಿಳಾಸಗಳೂ ಜೊತೆಗೆ ಬಂದಿವೆ. ಹಳೇ ಮನೆ ಬೀಗದ ಕೈ ತಗೊಂಡು ಹೊಸ ಮನೆ ಬಾಗಿಲು ತೆಗೀತೀರಾ?”

ಅವನು ಗಲ್ಲ ಕೆರೆದುಕೊಂಡ. “ಅದು ನಿಜ.” ಮರುಕ್ಷಣ ಅವಳ ಪರದೆಯತ್ತ ಬಾಗಿ, “ನಿಮ್ಮದು ಎಷ್ಟು ಚೆನ್ನಾಗಿದೆ,” ಎಂದ. “ಒಂದೊಂದು ವಿಷಯಕ್ಕೂ ಒಂದೊಂದು ಹೆಸರು, ಒಂದೊಂದು ಜಾಗ. ಮಡಿಸಿಟ್ಟ ಬಟ್ಟೆ ಹಾಗಿದೆ.”

ಹೊಗಳಿದನೋ ಗೇಲಿ ಮಾಡಿದನೋ ತಿಳಿಯಲಿಲ್ಲ. ಕಿತ್ತಳೆಯ ಘಮ ಮಾತ್ರ ಅವಳ ಭುಜದ ಹತ್ತಿರ ಸ್ವಲ್ಪ ಹೊತ್ತು ನಿಂತು ಹೋಯಿತು. ಅವಳು ಮೇಜನ್ನು ಇನ್ನೊಮ್ಮೆ ಒರೆಸಿದಳು.

ಅವನ ಭಾಗವನ್ನು ಅವಳು ತಿದ್ದಿಸಿದಳು. ಅವಳ ಭಾಗವನ್ನು ಅವನು ಓದಿ ಸರಿಯಿದೆ ಎಂದ. ಎರಡು ಮಷೀನುಗಳಲ್ಲಿ ಚಿಕ್ಕದನ್ನು, ಊರ ಹೊರವಲಯದ ಕರೆಗಳದ್ದನ್ನು, ಮೊದಲು ಸಾಗಿಸಿದರು. ಹೂವು ಎತ್ತಿಟ್ಟ ಹಾಗೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮರುದಿನ ದೂರು ಬಂತು. ಸಾಗಿಸುವ ಹೊತ್ತಿನಲ್ಲೇ, ಎದೆನೋವು ಎಂದು ಒಬ್ಬ ಮುದುಕರ ಮನೆಯಿಂದ ಕರೆ ಬಂದಿತ್ತು. ಕೇಂದ್ರದಿಂದ ಮೊದಲು ಹೇಳಿಕಳಿಸಿದ ಗಾಡಿಯವರು ಗೊತ್ತಾದ ಹೊತ್ತಿನೊಳಗೆ ಒಪ್ಪಿಕೊಳ್ಳಲಿಲ್ಲ. ಹಾಗಾದಾಗ ಕೇಂದ್ರದಲ್ಲಿ ಎಚ್ಚರಿಕೆಯ ಗಂಟೆ ಹೊಡೆಯಬೇಕು, ಆಪರೇಟರ್ ಇನ್ನೊಂದು ಗಾಡಿ ಹುಡುಕಬೇಕು. ಗಂಟೆ ಹೊಡೆಯಲೇ ಇಲ್ಲ. ಪಕ್ಕದ ಮನೆಯವರು ತಮ್ಮ ಕಾರಿನಲ್ಲಿ ಕರೆದೊಯ್ದದ್ದಕ್ಕೆ ಮುದುಕರ ಜೀವ ಉಳಿಯಿತು.

ಚೊಕ್ಕಿ ಎದುರಿನ ಕುರ್ಚಿಯತ್ತ ನೋಡಿದ ನೋಟದಲ್ಲಿ ಬೆಂಕಿಯಿತ್ತು. “ನಿಮ್ಮ ನೆಟ್‌ವರ್ಕ್ ಕಾರ್ಡಿನ ಕಸಾನೇ ಇದಕ್ಕೆ ಕಾರಣ.”

ಅವನು ಇಡೀ ಕೋಡನ್ನು ಮತ್ತೆ ಮೊದಲಿನಿಂದ ತೆರೆದ. ಮಧ್ಯಾಹ್ನವೆಲ್ಲ ತಲೆ ಬಗ್ಗಿಸಿ ಕೂತ. ಉಳಿದವರು ಟೀಗೆ ಎದ್ದುಹೋದ ಮೇಲೆ ಲ್ಯಾಪ್‌ಟಾಪ್ ಎತ್ತಿಕೊಂಡು ಅವಳ ಪಕ್ಕಕ್ಕೆ ಬಂದ. ಈ ಸಲ ಕೈ ತೊಳೆದುಕೊಂಡಿದ್ದ.

“ಒಂದು ತೋರಿಸ್ಲಾ? ಬೇಜಾರಾಗಬೇಡಿ.”

ಅವಳು ಬರೆದದ್ದು ಗಡಿಯಾರದ ಭಾಗ. ಈಗಿನ ಸಮಯ, ಮುಂದಿನ ಗಂಟೆ ಹೊಡೆಯಬೇಕಾದ ಸಮಯ, ಎರಡೂ ನೀಟಾಗಿ ಹೋಗುತ್ತಿದ್ದವು. ಆದರೆ ಹೊತ್ತು ಆಗಿಬಿಟ್ಟಿದೆ, ಗಂಟೆ ಇನ್ನೂ ಮೊಳಗಿಲ್ಲ, ಆ ಸಂದಿಯಲ್ಲೇ ಮಷೀನನ್ನು ಎತ್ತಿದರೆ? ‘ಮೊಳಗಬೇಕಾದದ್ದು ಒಂದು ಬಾಕಿ ಇದೆ’ ಎಂಬ ಮಾತಿಗೆ ಅವಳ ಬರವಣಿಗೆಯಲ್ಲಿ ಜಾಗವೇ ಇರಲಿಲ್ಲ. ಬೇಕಾದಾಗ ಲೆಕ್ಕ ಹಾಕಿಕೊಳ್ಳಬಹುದೆಂದು, ಅನಾವಶ್ಯಕ ಎಂದು, ಗುಡಿಸಿ ಹಾಕಿದ್ದಳು. ಆ ಕಡೆ ಎದ್ದ ಮಷೀನು ಎಂದೂ ಬಾರದ ಗಂಟೆಗೆ ಕಾಯುತ್ತಾ ಕೂತಿತ್ತು.

ಚೊಕ್ಕಿ ಆ ಸಾಲುಗಳನ್ನು ಇನ್ನೊಮ್ಮೆ ಓದಿದಳು.

“ಎಲ್ಲರೂ ಹೋದ ಮೇಲೆ ಹೇಳಿದ್ದು ಯಾಕೆ? ಕರುಣೆನಾ?” ಅವಳ ದನಿ ಬಿರುಸಾಗಿತ್ತು. “ನನಗೆ ಯಾರ ಕರುಣೇನೂ ಬೇಡ.”

“ಕರುಣೆ ಅಲ್ಲ ಕಣ್ರೀ. ಎಲ್ಲರ ಮುಂದೆ ಹೇಳಿದ್ರೆ ನೀವು ನನ್ನನ್ನೇ ನೋಡ್ತಿದ್ರಿ, ಪರದೇನ ನೋಡ್ತಿರಲಿಲ್ಲ.”

ಸಿಟ್ಟಿನ ನಡುವೆಯೂ ಅದು ನಿಜ ಅನ್ನಿಸಿತು. ಅವಳು ಕೂಡಲೇ ಎದ್ದು ಮ್ಯಾನೇಜರ್ ಕೋಣೆಗೆ ನಡೆದಳು. ಹೊಸಬನೂ ಹಿಂದೆಯೇ ಬಂದ.

ಮ್ಯಾನೇಜರ್ ಪೇಪರ್ ಕ್ಲಿಪ್ಪಿನಿಂದ ಹಲ್ಲು ಕೆದಕುತ್ತಿದ್ದರು. ಅವಳು ಹೇಳಿದ್ದನ್ನೆಲ್ಲ ಕೇಳಿ, ಕ್ಲಿಪ್ಪಿನ ತುದಿಯನ್ನು ಒಮ್ಮೆ ಪರೀಕ್ಷಿಸಿ, ಮತ್ತೆ ಬಾಯಿಗೆ ಹಾಕಿಕೊಂಡರು.

“ನೋಡಮ್ಮಾ, ಮುದುಕರಿಗೆ ಏನೂ ಆಗಿಲ್ಲ. ಇಲ್ಲದ ಉಸಾಬರಿ ಯಾಕೆ? ಗಂಟೆ ಹೊಡೀತು, ಆಪರೇಟರ್ ಹುಡುಗಿ ಕೇಳಿಸ್ಕೊಳ್ಳಲಿಲ್ಲ. ಹಾಗಂತ ಒಂದು ವರದಿ ಕೊಡು. ಆಂಬುಲೆನ್ಸ್ ಕೇಂದ್ರದವರೂ ಅದನ್ನೇ ನಂಬಿದ್ದಾರೆ.”

“ಆ ಹುಡುಗಿ ಕೆಲಸ?”

“ಹೋದ್ರೆ ಇನ್ನೊಂದು ಸಿಗುತ್ತೆ ಬಿಡು.” ಕ್ಲಿಪ್ಪನ್ನು ಮೇಜಿನ ಡಬ್ಬಕ್ಕೆ, ಬೇರೆ ಕ್ಲಿಪ್ಪುಗಳ ಜೊತೆಗೇ ಹಾಕಿದರು. “ಅಂದಹಾಗೆ, ನಾನು ರಜಕ್ಕೆ ಹೋಗೋವಾಗ ಫ್ರಿಜ್ಜಲ್ಲಿ ಸ್ಟೀಲ್ ಡಬ್ಬಿ ಮರೆತಿದ್ದೆ. ಯಾರೋ ಫಳಫಳ ಅಂತ ತೊಳೆದಿಟ್ಟಿದ್ದಾರೆ. ಪುಣ್ಯಾತ್ಮರು.”

ಚೊಕ್ಕಿ ಹೊರಳಿ ನೋಡಿದಳು. ಹೊಸಬ ಸೀಲಿಂಗ್ ಫ್ಯಾನಿನ ರೆಕ್ಕೆಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಮ್ಯಾನೇಜರ್ ಕಡೆ ಮತ್ತೆ ತಿರುಗಿದಾಗ ಅವಳಿಗೆ ಹೇಸಿಗೆಯಾಯಿತು. ಬೂಸಲಿಗೆ ಬರುವ ಹೇಸಿಗೆಯಲ್ಲ ಇದು. ಬೂಸಲನ್ನು ಉಜ್ಜಿ ತೊಳೆಯಬಹುದು. ಎದುರಿಗೆ ಕೂತ ಈ ಮನುಷ್ಯನನ್ನು ಯಾವ ಸೋಪಿನಿಂದ ತೊಳೆಯುವುದು? ಅವಳು ಬ್ಯಾಗ್ ತಗಲಿಸಿಕೊಂಡು ರಸ್ತೆಗಿಳಿದಳು.

“ಆಂಬುಲೆನ್ಸ್ ಕೇಂದ್ರಕ್ಕಾ?” ಹಿಂದಿನಿಂದ ಅವನ ದನಿ. “ಬಸ್ಸಲ್ಲಿ ಹೋದ್ರೆ ಬೇಗ.”

ಬಸ್ಸು ಕಿಕ್ಕಿರಿದಿತ್ತು. ಬೆವರು, ಎಣ್ಣೆ, ಯಾರದೋ ಒದ್ದೆ ಕೊಡೆ. ಕಂಬಿಯ ಮೇಲೆ ಎಷ್ಟು ಕೈಗಳ ಜಿಡ್ಡೋ ಎಂದು ಅವಳು ಅದನ್ನು ಮುಟ್ಟದೆ ಸೆಟೆದು ನಿಂತಿದ್ದಳು. ಡ್ರೈವರ್ ಬ್ರೇಕ್ ಹಾಕಿದ. ಚೊಕ್ಕಿ ನೇರವಾಗಿ ಹೊಸಬನ ಎದೆಗೆ ಹೋಗಿ ಬಡಿದಳು.

“ಕಂಬಿ ಬೇಡ ಅಂದ್ರೆ ತೋಳಿದೆ,” ಎಂದು ಅವನು ಮೊಣಕೈ ಚಾಚಿದ. “ಬೆಳಿಗ್ಗೆ ಒಗೆದ ಶರ್ಟು.”

ಅವಳು ಎರಡೇ ಬೆರಳಲ್ಲಿ ತೋಳಿನ ಬಟ್ಟೆ ಹಿಡಿದಳು. ಮುಂದಿನ ತಿರುವಿಗೆ ಇಡೀ ಕೈಯಲ್ಲಿ.

“ಡಬ್ಬಿ ನಿಮ್ಮದಲ್ಲ ಅಂತ ಅವತ್ತೇ ಯಾಕೆ ಹೇಳಲಿಲ್ಲ?”

“ಯಾರದಾದ್ರೇನು, ತೊಳೀಬೇಕಿತ್ತಲ್ಲ. ಅದೂ ಅಲ್ದೆ…” ಅವನು ಕಿಟಕಿಯತ್ತ ತಿರುಗಿದ. “ನೀವು ಬೈಯೋವಾಗ ಮೂಗಿನ ತುದಿ ಕೆಂಪಾಗಿತ್ತು. ನಡುವೆ ಬಾಯಿ ಹಾಕೋಕೆ ಮನಸ್ಸು ಬರಲಿಲ್ಲ.”

ಅವಳ ಮೂಗಿನ ತುದಿ ಮತ್ತೆ ಕೆಂಪಾಯಿತು. ಕಿಟಕಿಯ ಗಾಜಿನಲ್ಲಿ ಅವನು ಅದನ್ನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು.

ಕೇಂದ್ರದ ಹೊರಗೆ ಬೆಂಚಿನ ಮೇಲೆ ಆಪರೇಟರ್ ಹುಡುಗಿ ಹೆಡ್‌ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅತ್ತು ಅತ್ತು ಮುಖ ಊದಿತ್ತು. ಚೊಕ್ಕಿ ಮೇಲ್ವಿಚಾರಕಿಯ ಎದುರು ನಿಂತು ಏನನ್ನೂ ಮುಚ್ಚಿಡದೆ ಹೇಳಿದಳು. ಗಂಟೆ ಹೊಡೆಯಲಿಲ್ಲ. ಸಾಗಿಸುವಾಗ ಕಳೆದುಹೋಯಿತು. ಆ ಹುಡುಗಿಯ ತಪ್ಪು ಎಳ್ಳಷ್ಟೂ ಇಲ್ಲ.

“ನಾವು ಮಾಡಿದ ತಪ್ಪು,” ಎಂದು ಹೊಸಬ ಸೇರಿಸಿದ.

ಮೇಲ್ವಿಚಾರಕಿ ಕನ್ನಡಕ ತೆಗೆದರು. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕೊಳೆತದ್ದೊಂದನ್ನು ನೋಡುವ ನೋಟ ಅದು. ಚೊಕ್ಕಿಗೆ ಆ ನೋಟದ ಗುರುತು ಚೆನ್ನಾಗಿತ್ತು. ಎಷ್ಟೋ ಜನರನ್ನು ತಾನೇ ಹಾಗೆ ನೋಡಿದ್ದಳು. ತನ್ನ ಮೇಲೆ ಬಿದ್ದದ್ದು ಇದೇ ಮೊದಲು.

“ನಿಮ್ಮ ಕಂಪನಿ ಅಂದ್ರೆ ನನಗೆ ಅಸಹ್ಯ,” ಎಂದರು ಆಕೆ. “ಬೆಳಿಗ್ಗೆ ನಿಮ್ಮ ಮ್ಯಾನೇಜರ್ ಫೋನ್ ಮಾಡಿ ನಮ್ಮ ಹುಡುಗಿ ನಿದ್ದೆ ಮಾಡ್ತಿದ್ಲು ಅಂದ್ರು. ನಾನೂ ನಂಬಿದೆ. ನನ್ನ ಮೇಲೂ ನನಗೆ ಅಸಹ್ಯ ಆಗ್ತಿದೆ.” ಕನ್ನಡಕ ಮತ್ತೆ ಹಾಕಿಕೊಂಡು, “ದೊಡ್ಡ ಮಷೀನನ್ನ ಸಾಗಿಸೋದು ನೀವಿಬ್ರೇ. ಬೇರೆ ಯಾರೂ ಮುಟ್ಟಕೂಡದು. ಅಂತ ನಿಮ್ಮ ಮೇಲಿನವರಿಗೆ ಈಗಲೇ ಹೇಳ್ತೀನಿ,” ಎಂದರು. ಆಮೇಲೆ ಹೊರಗೆ ಹೋಗಿ ಹುಡುಗಿಯ ತಲೆಗೆ ತಾವೇ ಹೆಡ್‌ಫೋನ್ ತೊಡಿಸಿದರು.

ಮೆಟ್ಟಿಲಿಳಿಯುವಾಗ ಚೊಕ್ಕಿಯ ಕಣ್ಣು ತುಂಬಿತ್ತು. “ತಪ್ಪು ನನ್ನದು. ನೀವು ‘ನಾವು’ ಅಂದಿದ್ದು ಯಾಕೆ?”

“ನಿಮ್ಮ ಕೋಡ್ ಓದಿ ಸರಿಯಿದೆ ಅಂದವನು ನಾನೇ ಅಲ್ವಾ? ಅಷ್ಟು ಚೊಕ್ಕವಾಗಿತ್ತು, ನೋಡ್ತಾ ಕೂತೆ. ಓದೋದು ಮರೆತೆ.”

ಮೇಲಿನವರು ಮ್ಯಾನೇಜರನ್ನು ಆ ಕೆಲಸದಿಂದ ದೂರವಿಟ್ಟರು. ಇಬ್ಬರೂ ಒಂದೇ ಮೇಜಿಗೆ ಬಂದರು. ಮೊದಲ ಎರಡು ದಿನ ಬರೀ ಜಗಳ.

“ಎಲ್ಲ ಗಡಿಯಾರದ ಜೊತೆಗೂ ಬಾಕಿ ಗಂಟೆ ಅಂತ ಒಂದು ಹೊಸ ವಿಷಯ ಸೇರಿಸಿದ್ರೆ, ಹಳೇ ಸರ್ವರಿಗೆ ಅರ್ಥ ಆಗಲ್ಲ,” ಎಂದಳು ಅವಳು. “ಹೊಸ ಕಟ್ಟಡದಲ್ಲಿ ಏನಾದ್ರೂ ಕೆಟ್ಟು ವಾಪಸ್ ತರಬೇಕಾದ್ರೆ? ಇದೇನು ಭಾಷೆ ಅಂತ ಮುಖ ತಿರುಗಿಸುತ್ತೆ.”

“ಹಾಗಿದ್ರೆ ಬಾಕಿ ಇದ್ದಾಗ ಮಾತ್ರ ಕಳಿಸೋಣ. ಇಲ್ಲದಾಗ ಆ ತುಂಡೇ ಹೋಗೋದು ಬೇಡ. ಹಳೇದಕ್ಕೆ ಹಳೇ ರೂಪವೇ ಕಾಣುತ್ತೆ.”

“ಬಾಕಿ ಇದ್ದು, ಆ ಕಡೆಯದಕ್ಕೆ ಅರ್ಥ ಆಗದೆ ಹೋದ್ರೆ?”

“ಒಪ್ಪಿಕೊಳ್ಳಬಾರದು. ಮಷೀನು ಇದ್ದಲ್ಲೇ ಇರಲಿ. ಗಂಟೆ ಕಳ್ಕೊಂಡು ಹೋಗೋದಕ್ಕಿಂತ ಹೋಗದೇ ಇರೋದು ವಾಸಿ.”

ಅವಳು ಅವನನ್ನೇ ನೋಡಿದಳು. ಕಿತ್ತಳೆ ರಸ ಗಡ್ಡಕ್ಕೆ ಹತ್ತಿತ್ತು. ಛೀ ಅನ್ನಿಸಿತು. ಅನ್ನಿಸಿದ್ದು ಅನ್ನಿಸುತ್ತಲೇ ಇರುವಾಗ ತನ್ನ ಕರವಸ್ತ್ರ ತೆಗೆದು ಅವನತ್ತ ಚಾಚಿದಳು.

“ಒರೆಸ್ಕೊಳ್ಳಿ. ಪ್ಯಾಂಟಿಗಲ್ಲ.”

ಅವನು ಒರೆಸಿಕೊಂಡು, ಕರವಸ್ತ್ರವನ್ನು ವಾಪಸ್ ಕೊಡದೆ ಜೇಬಿಗಿಟ್ಟ. ಅವಳು ಕೇಳಲಿಲ್ಲ. ಆ ಸಂಜೆ ಮನೆಯಲ್ಲಿ ಅಕ್ಕ, “ಏನೇ, ಒಂದೇ ಸಲ ಕೈ ತೊಳೆದು ಊಟಕ್ಕೆ ಕೂತಿದ್ದೀಯ, ಜ್ವರಾನಾ?” ಎಂದು ಹಣೆ ಮುಟ್ಟಿ ನೋಡಿದಳು.

ದೊಡ್ಡ ಮಷೀನನ್ನು ಸಾಗಿಸಬೇಕಾದ ಬೆಳಿಗ್ಗೆಯೇ ಚರಂಡಿ ಪೈಪು ಒಡೆಯಿತು.

ನೆಲಮಾಳಿಗೆಯ ಮೆಟ್ಟಿಲ ತುದಿಯಲ್ಲಿ ನಿಂತು ಚೊಕ್ಕಿ ಕೆಳಗೆ ನೋಡಿದಳು. ಕಪ್ಪು ನೀರು ಪಾದ ಮುಳುಗುವಷ್ಟು ನಿಂತಿತ್ತು. ಅದರ ಮೇಲೆ ತೇಲುತ್ತಿದ್ದದ್ದು ಏನೆಂದು ಹೇಳುವುದು ಬೇಡ. ನೆಲದ ಹತ್ತಿರದ ಕರೆಂಟನ್ನೆಲ್ಲ ತೆಗೆದಿದ್ದರು. ಎತ್ತರದ ಕಟ್ಟೆಯ ಮೇಲಿದ್ದ ಸರ್ವರುಗಳು ಬ್ಯಾಟರಿಯಲ್ಲಿ ಓಡುತ್ತಿದ್ದವು. ಎರಡೂ ಕಟ್ಟಡಗಳನ್ನು ಜೋಡಿಸುವ ಕೇಬಲ್ಲಿನ ಪೆಟ್ಟಿಗೆ ಮಾತ್ರ ಗೋಡೆಯ ಬುಡದಲ್ಲಿತ್ತು. ನೀರು ಅದರೊಳಗೆ ಹೊಕ್ಕರೆ ದಾರಿಯೇ ಇಲ್ಲ.

“ಅದು ಬೆಳಕು ಹರಿಯೋ ಕೇಬಲ್, ಶಾಕ್ ಹೊಡೆಯಲ್ಲ,” ಎಂದ ಹೊಸಬ, ರಬ್ಬರ್ ಬೂಟಿಗೆ ಕಾಲು ತೂರಿಸುತ್ತಾ. “ನಾನು ಪೆಟ್ಟಿಗೇನ ಎತ್ತಿ ಹಿಡ್ಕೊಂಡಿರ್ತೀನಿ. ನೀವು ಇಲ್ಲಿಂದಲೇ ಶುರು ಮಾಡಿ.”

“ಇಲ್ಲಿಂದ ಆಗಲ್ಲ, ಲ್ಯಾಪ್‌ಟಾಪನ್ನ ಸರ್ವರಿಗೇ ಜೋಡಿಸಬೇಕು. ಕಟ್ಟೆ ಹತ್ತಿರಾನೇ ಹೋಗಬೇಕು.” ಅವಳು ಇನ್ನೊಂದು ಜೊತೆ ಬೂಟು ಎಳೆದುಕೊಂಡಳು. ಯಾರು ತೊಟ್ಟಿದ್ದ ಬೂಟೋ, ಒಳಗೆ ಜಿಡ್ಡು ಜಿಡ್ಡು.

ಅವನು ಮುಂದೆ ಇಳಿದು ಪೆಟ್ಟಿಗೆಯನ್ನು ಗೋಡೆಯಿಂದ ಬಿಡಿಸಿ ಹೆಗಲಿಗೇರಿಸಿಕೊಂಡ. ಅವಳು ಮೂಗು ಮುಚ್ಚಿ, ಲ್ಯಾಪ್‌ಟಾಪನ್ನು ಎದೆಗವಚಿ ಹೆಜ್ಜೆಯಿಟ್ಟಳು. ಮೂರನೆಯ ಹೆಜ್ಜೆಗೆ ಏನೋ ಮೆತ್ತಗಿನದು ಬೂಟಿನಡಿ ಜಾರಿತು.

“ಲೋ! ಹಿಡ್ಕೊಳೋ!”

ಅವನ ಖಾಲಿ ಕೈ ಬಂದು ಅವಳ ಸೊಂಟವನ್ನು ಬಳಸಿತು. ಲ್ಯಾಪ್‌ಟಾಪ್ ಉಳಿಯಿತು. ಅವಳ ಹೊಟ್ಟೆ ಉಳಿಯಲಿಲ್ಲ. ಬೆಳಗಿನ ತಿಂಡಿ ಪೂರ್ತಿ ಅವನ ಬೂಟಿನ ಮೇಲೆ ಬಿತ್ತು.

ಬಾಯಿ ಒರೆಸಿಕೊಂಡು ಅವಳು ಅವನ ಮುಖ ನೋಡಲಾರದೆ ನಿಂತಳು. ಈ ಜನ್ಮದಲ್ಲಿ ಇದಕ್ಕಿಂತ ಕೆಳಗಿಳಿಯುವುದು ಸಾಧ್ಯವಿರಲಿಲ್ಲ.

“ಈ ನೀರಿಗೆ ಅದೇನೂ ಹೆಚ್ಚಲ್ಲ ಬಿಡಿ,” ಎಂದ ಅವನು ಮೆಲ್ಲಗೆ. “ನಡೀರಿ, ಹಿಡ್ಕೊಂಡಿದ್ದೀನಿ.”

ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಅವಳು ಸಾಗಣೆ ಶುರುಮಾಡಿದಳು. ನೆನಪು ತುಂಡು ತುಂಡಾಗಿ ಹೋಗತೊಡಗಿತು. ನೀರು ಮೇಲೇರುತ್ತಿತ್ತು. ಅವನ ಹೆಗಲು ನಡುಗುತ್ತಿತ್ತು, ಪೆಟ್ಟಿಗೆ ಮಾತ್ರ ಅಲುಗಲಿಲ್ಲ. ಕೊನೆಗೆ ಮಷೀನು ಒಂದು ಕ್ಷಣ ತಡೆಯಿತು. ಡಿಸ್ಕು ಹೋಯಿತು, ನೆಟ್‌ವರ್ಕ್ ಕಾರ್ಡು ಹೋಯಿತು, ಗಡಿಯಾರ ಹೋಯಿತು. ಅದರ ಹಿಂದೆಯೇ ಪರದೆಯ ಮೇಲೆ ಇನ್ನೊಂದು ಸಾಲು ಮೂಡಿತು. ಅವಳು ಮುಂದೆ ಬಾಗಿದಳು.

“ಏನಾಯ್ತು?”

“ಬಾಕಿ ಗಂಟೆ. ಒಂದು ಇತ್ತು. ಆ ತುಂಡು ಹೋಗಿದೆ.”

ಇಬ್ಬರೂ ಫೋನನ್ನೇ ನೋಡುತ್ತಾ ನಿಂತರು. ಅದು ಗುಂಯ್ ಎಂದಾಗ ಚೊಕ್ಕಿ ಸ್ಪೀಕರ್ ಒತ್ತಿದಳು. ಆ ಕಡೆಯಿಂದ ಗಂಟೆಯ ಸದ್ದು, ಅದರ ನಡುವೆ ಆಪರೇಟರ್ ಹುಡುಗಿಯ ದನಿ: “ಹೊಡೀತು ಅಕ್ಕಾ! ಇನ್ನೊಂದು ಗಾಡಿ ಕಳಿಸಿದ್ದೀನಿ, ಹೊರಟಿತು!”

ಅವನು ಪೆಟ್ಟಿಗೆ ಇಳಿಸಿದ. ಗೋಡೆಗೊರಗಿ ಮಗುವಿನ ಹಾಗೆ ನಕ್ಕ.

ಹೊರಗೆ ಅಂಗಳದಲ್ಲಿ ಪ್ಲಂಬರ್ ಇಬ್ಬರಿಗೂ ದೂರದಿಂದಲೇ ಪೈಪಿನಲ್ಲಿ ನೀರು ಬಿಟ್ಟ. “ಹತ್ತಿರ ಬರಬೇಡಿ ಸ್ವಾಮಿ, ನಾನೂ ಸಂಸಾರಸ್ಥ,” ಎಂದು ಪೈಪನ್ನು ಅವರ ಕೈಗೇ ಕೊಟ್ಟು ಹೋದ. ಬಿಸಿಲು ಚುರುಗುಟ್ಟುತ್ತಿತ್ತು. ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. ಇಬ್ಬರೂ ಸೋತು ಅಂಗಳದ ಕಟ್ಟೆಯ ಮೇಲೆ ಕೂತರು, ನಡುವೆ ಒಂದಿಷ್ಟು ಜಾಗ ಬಿಟ್ಟು.

“ಒಳಗೆ ನನ್ನನ್ನ ‘ಲೋ’ ಅಂದ್ರಿ,” ಎಂದ ಅವನು.

“ಬಾಯಿ ಜಾರ್ತು.”

“ಮತ್ತೆ ಜಾರೋದಾದ್ರೆ ನನ್ನದೇನೂ ಅಡ್ಡಿ ಇಲ್ಲ.”

ಅವಳು ಅವನನ್ನು ನೋಡಿದಳು. ಕೂದಲಿಗೆ ಏನೋ ಅಂಟಿತ್ತು. ಕುತ್ತಿಗೆಯ ಮೇಲೆ ಕಪ್ಪು ಕೆಸರಿನ ಗೆರೆ. ಕೈಬೆರಳುಗಳ ಸಂದಿಯಲ್ಲಂತೂ ಕೇಳುವುದೇ ಬೇಡ.

“ನಿಮ್ಮನ್ನ ಮೊದಲ ದಿನ ಕಂಡಾಗಲೇ ನನಗೆ ಹೇಸಿಗೆ ಆಗಿತ್ತು.”

“ಗೊತ್ತು.”

“ಈಗಲೂ ಆಗ್ತಿದೆ. ವಾಕರಿಕೆ ಬರೋಷ್ಟು.”

“ಮುಖ ನೋಡಿದ್ರೇ ತಿಳಿಯುತ್ತೆ.”

“ಆದ್ರೂ ಪಕ್ಕದಿಂದ ಎದ್ದುಹೋಗೋಕೆ ಮನಸ್ಸು ಬರ್ತಿಲ್ಲ.” ಅವಳ ದನಿ ಸಣ್ಣಗಾಯಿತು. “ನಿಮಗೆ?”

ಅವನ ತುಂಟತನವೆಲ್ಲ ಎಲ್ಲಿಗೋ ಹೋಯಿತು. “ನನಗೆ ಆ ಕುರ್ಚಿ ಸಿಕ್ಕ ದಿನದಿಂದ ಅಲ್ಲಿಂದ ಏಳೋಕೆ ಮನಸ್ಸಿಲ್ಲ,” ಎಂದ. “ಕಿತ್ತಳೆ ಅಂದ್ರೆ ನನಗೆ ಅಷ್ಟೇನೂ ಇಷ್ಟ ಇಲ್ಲ, ಗೊತ್ತಾ? ನಾನು ಸುಲೀತಾ ಇದ್ರೆ ನೀವು ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡ್ತೀರಿ. ಆ ಒಂದು ಕಣ್ಣಿಗೋಸ್ಕರ.”

ಚೊಕ್ಕಿ ನಡುವಿನ ಜಾಗ ದಾಟಿ ಅವನ ಕೈ ಹಿಡಿದಳು. ಜಿಡ್ಡು, ಕೆಸರು, ನಾತ, ಎಲ್ಲದರ ಸಮೇತ. ಮೈಯೆಲ್ಲ ಒಮ್ಮೆ ಜುಮ್ಮೆಂದಿತು, ಅರ್ಧ ಅಸಹ್ಯಕ್ಕೆ. ಉಳಿದರ್ಧಕ್ಕೆ ಅವಳು ಬೆರಳುಗಳನ್ನು ಇನ್ನಷ್ಟು ಬಿಗಿಮಾಡಿದಳು.

ಇನ್ನೊಂದು ಕೈಯಲ್ಲಿ ಫೋನ್ ತೆಗೆದು ಅಕ್ಕನಿಗೆ ಕರೆ ಮಾಡಿದಳು. “ಅಕ್ಕಾ, ಗೀಸರ್ ಹಾಕಿಡು. ಇಬ್ಬರಿಗೆ ಆಗೋಷ್ಟು ನೀರು ಬೇಕು.”

“ಇಬ್ಬರಿಗಾ? ಇನ್ನೊಬ್ಬರು ಯಾರೇ?”

ಚೊಕ್ಕಿ ಅವನತ್ತ ತಿರುಗಿದಳು. “ಯಾರು ಅಂತ ಕೇಳ್ತಿದ್ದಾಳೆ. ಏನು ಹೇಳಲಿ?”

“ನಿಮ್ಮಿಷ್ಟ,” ಎಂದ ಅವನು.

“ನಿಮ್ಮ ಗಿಮ್ಮ ಅನ್ನೋರಿಗೆ ನಮ್ಮನೇಲಿ ಬಿಸಿನೀರಿಲ್ಲ.”

ಅವನು ನಕ್ಕ. “ನಿನ್ನಿಷ್ಟ ಕಣೇ.”

“ನನ್ನವನು, ಅಕ್ಕಾ,” ಎಂದಳು ಚೊಕ್ಕಿ ಫೋನಿಗೆ. “ತುಂಬಾ ನಾರ್ತಿದ್ದಾನೆ. ಬಾಗಿಲು ತೆಗೆದಿಡು.”